ಉಸ್ತಾದರಿಲ್ಲದ ಕಸುಬು

ಚಿಂತಾಮಣಿ ತಾಲೂಕಿನ ಕೆಂಚಾರ್ಲಹಳ್ಳಿಯಿಂದ ಬೆಂಗಳೂರು ದೂರವೇನಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದು. ಆದರೆ ಈ ಕಡೆಯ ಹಳ್ಳಿಯ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಅಲ್ಲಿನ ಸಾಫ್ಟ್‌ವೇರ್ ಕಂಪೆನಿಯೊಳಗೆ ಕಾಲಿಡುವ ದಾರಿ ಅಷ್ಟು ಹತ್ತಿರದ್ದಲ್ಲ. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಇಷ್ಟೆಲ್ಲ ದಾಟಿ ಸಂದರ್ಶನಕ್ಕೆ ಕುಳಿತಾಗ 'ಏನು ಮಾಡಿ ಗೊತ್ತು?' ಎಂಬ ಪ್ರಶ್ನೆಗೆ ಅವರ ಕೈಯಲ್ಲಿರುವುದು ಅಂಕಪಟ್ಟಿ ಮಾತ್ರ. ಇದಕ್ಕೆ ಮಕ್ಕಳನ್ನು ದೂರುವ ಮೊದಲು ನಾವು ಸ್ವಲ್ಪ ಚರಿತ್ರೆಯನ್ನು ತಿರುವಿ ನೋಡಬೇಕು.

ಈ ಸೀಮೆಯಲ್ಲಿ ಇಂಜಿನಿಯರ್ ಎಂದೊಡನೆ ನೆನಪಾಗುವವರು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತವರು ಅವರು. ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆದರೆ ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಹುಟ್ಟಿದಾಗಲೂ ಅದರ ಹಿಂದೆ ಅವರಿದ್ದರು. ಒಂದು ಪದವಿಯ ದಾರಿ, ಇನ್ನೊಂದು ಕೈಕಸುಬಿನ ದಾರಿ. ಎರಡೂ ಬೇಕೆಂಬುದು ಅವರ ನಿಲುವು.

ಮುಂದೆ ಬೆಂಗಳೂರಿನ ಸರಕಾರಿ ಕಾರ್ಖಾನೆಗಳು ಈ ಎರಡನೆಯ ದಾರಿಯನ್ನು ಅಗಲಗೊಳಿಸಿದವು. 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್‌ಗಳಲ್ಲಿ ಹೊಸಬರಿಗೆ ತರಬೇತಿಯ ವ್ಯವಸ್ಥೆಯಿತ್ತು. ಫಿಟ್ಟರ್ ಕೆಲಸ ಕಲಿಯಲು ಬಂದವನು ಮೊದಲು ಅರ ಹಿಡಿದು ಕಬ್ಬಿಣ ಉಜ್ಜಬೇಕು. ಅವನು ಉಜ್ಜಿದ್ದನ್ನು ಹಿರಿಯನೊಬ್ಬ ಅಳೆದು ನೋಡಿ, ಸರಿಯಿಲ್ಲದಿದ್ದರೆ ಮತ್ತೆ ಉಜ್ಜಿಸುತ್ತಿದ್ದ. 1961ರ ಅಪ್ರೆಂಟಿಸ್ ಕಾಯಿದೆ ಈ ಕಲಿಕೆಗೆ ಕಾನೂನಿನ ಬಲ ಕೊಟ್ಟಿತು.

ಸಾಫ್ಟ್‌ವೇರ್ ಬಂದದ್ದು ಇದರ ಬೆನ್ನಿಗೆ. 'ಸಾಫ್ಟ್‌ವೇರ್ ಇಂಜಿನಿಯರಿಂಗ್' ಎಂಬ ಹೆಸರು ಜಗತ್ತಿನಲ್ಲಿ ನೆಲೆಗೊಂಡದ್ದು 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಿಂದ. ಪ್ರೋಗ್ರಾಮುಗಳು ದೊಡ್ಡದಾಗುತ್ತಿದ್ದವು, ತಡವಾಗುತ್ತಿದ್ದವು, ದೋಷಗಳಿಂದ ತುಂಬುತ್ತಿದ್ದವು. ಸೇತುವೆ ಕಟ್ಟುವ ಶಿಸ್ತು ಇದಕ್ಕೂ ಬೇಕೆಂಬುದು ಅಲ್ಲಿ ಸೇರಿದವರ ಆಶಯವಾಗಿತ್ತು. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಫ್ರೆಡ್ ಬ್ರೂಕ್ಸ್ ಎಚ್ಚರಿಸಿದರು. ತಲೆಗಳ ಎಣಿಕೆಯಿಂದ ಈ ಕಸುಬು ನಡೆಯುವುದಿಲ್ಲ ಎಂಬ ತಿಳಿವು ಅಷ್ಟು ಹಳೆಯದು.

ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಆಗ ಕಂಪ್ಯೂಟರ್ ವಿಜ್ಞಾನ ಓದಿದವರು ವಿರಳ. ಹಾಗಾಗಿ ಕಂಪೆನಿಗಳು ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಂಡು, ತರ್ಕಶಕ್ತಿಯನ್ನು ಪರೀಕ್ಷಿಸಿ, ತಾವೇ ತಿಂಗಳುಗಟ್ಟಲೆ ಕಲಿಸಿದವು. ವಿಪ್ರೋ 1995ರಲ್ಲಿ ಬಿ.ಎಸ್ಸಿ. ಪದವೀಧರರಿಗೆ ಕೆಲಸದ ಜೊತೆಗೇ ಉನ್ನತ ಓದಿನ ಯೋಜನೆ ತಂದಿತು. ಮೈಸೂರಿನಲ್ಲಿ ಇನ್ಫೋಸಿಸ್ ಒಂದು ಊರಿನಷ್ಟು ದೊಡ್ಡ ತರಬೇತಿ ಕೇಂದ್ರವನ್ನೇ ಕಟ್ಟಿತು. ಅಂದರೆ ಉಸ್ತಾದರು ಕಂಪೆನಿಯೊಳಗಿದ್ದರು. ಬಾಗಿಲು ದಾಟಿದವರಿಗೆ ಮಾತ್ರ ಅವರು ಸಿಗುತ್ತಿದ್ದರು.

ಇತ್ತ ಕಾಲೇಜುಗಳೂ ಹೆಚ್ಚಿದವು. 1980ರಲ್ಲಿ ಭಟ್ಕಳದ ಅಂಜುಮನ್ ಮತ್ತು ರಾಮನಗರದ ಘೌಸಿಯಾ, 1986ರಲ್ಲಿ ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ, 1997ರಲ್ಲಿ ಬೆಂಗಳೂರಿನ ಎಚ್‌ಕೆಬಿಕೆ. 1998ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನಲ್ಲೇ ತಾಂತ್ರಿಕ ವಿಶ್ವವಿದ್ಯಾಲಯ. ಇದನ್ನು ನಾವು ಕಡೆಗಣಿಸಬಾರದು. ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದಿದ್ದ ಎಷ್ಟೋ ಕುಟುಂಬಗಳಿಗೆ ಇವು ಇಂಜಿನಿಯರಿಂಗ್ ಎಂಬ ಮಾತನ್ನು ತಂದುಕೊಟ್ಟವು.

ಆದರೆ ಅರ್ಜಿದಾರರು ಹೆಚ್ಚಿದಂತೆ ಜರಡಿಯೂ ಬಂತು. ಎಸೆಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಇರಬೇಕೆಂಬ ಷರತ್ತು ಹಲವು ಕಂಪೆನಿಗಳಲ್ಲಿ ರೂಢಿಯಾಯಿತು. ಲಕ್ಷಾಂತರ ಅರ್ಜಿಗಳನ್ನು ಒಂದೊಂದಾಗಿ ನೋಡಲಾಗದು ಎಂಬ ಕಂಪೆನಿಗಳ ಮಾತು ಸುಳ್ಳಲ್ಲ. ಆದರೆ ಹದಿನೈದನೆಯ ವಯಸ್ಸಿನಲ್ಲಿ ಇಂಗ್ಲಿಷಿನಲ್ಲಿ ಎಡವಿದ ಹುಡುಗಿ ಇಪ್ಪತ್ತೆರಡರಲ್ಲಿ ಒಳ್ಳೆಯ ಪ್ರೋಗ್ರಾಮರ್ ಆಗಿದ್ದರೂ ಈ ಜರಡಿಗೆ ಅದು ಕಾಣುವುದೇ ಇಲ್ಲ. ಕೋಡಿಂಗ್ ಸ್ಪರ್ಧೆಯ ಮೂಲಕ ಆರಿಸುವ ಪದ್ಧತಿ ಬಂದಿದೆ, ನಿಜ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅಲ್ಲಿಯೂ ಹಿಂದೆ ಬೀಳುತ್ತಾರೆ.

ಕಾಲೇಜುಗಳ ಪಾಲೂ ಇದರಲ್ಲಿದೆ. ಎಷ್ಟೋ ಕಡೆ ಲ್ಯಾಬ್ ಎಂದರೆ ಕೊಟ್ಟ ಪ್ರೋಗ್ರಾಮನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುವುದು. ಕೊನೆಯ ವರ್ಷದ ಪ್ರಾಜೆಕ್ಟ್ ಹಣಕ್ಕೆ ಸಿಗುತ್ತದೆ. ಇನ್ನೊಬ್ಬರು ಬರೆದ ಕೋಡ್ ಓದುವುದು, ತನ್ನದನ್ನು ಪರೀಕ್ಷಿಸುವುದು, ತಪ್ಪನ್ನು ಹುಡುಕಿ ಕಾರಣ ಬರೆದಿಡುವುದು, ಹಿರಿಯರಿಗೆ ತೋರಿಸಿ ತಿದ್ದಿಸಿಕೊಳ್ಳುವುದು, ಈ ಕಸುಬಿನ ನಿತ್ಯದ ಕೆಲಸ ಇವು. ಇವನ್ನು ಅಂಕಪಟ್ಟಿ ಅಳೆಯುವುದಿಲ್ಲ.

ಪಕ್ಕದ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರನ್ನು ನೋಡಿ. ಅವರಲ್ಲಿ ಮುಸ್ಲಿಮರು ಬಹಳ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುವಾಗ ಒಂದು ಗೂಡು ಮುಗಿದೊಡನೆ ಇನ್ನೊಂದರ ಎಳೆ ಸೇರಬೇಕು. ತಡವಾದರೆ ನೂಲು ತೆಳುವಾಗುತ್ತದೆ, ಎಲ್ಲೋ ಮಗ್ಗದ ಮೇಲೆ ಹರಿಯುತ್ತದೆ. ಇದನ್ನು ಪುಸ್ತಕದಿಂದ ಕಲಿತವರಿಲ್ಲ. ಬಿಸಿನೀರಿನ ಬಳಿ ಬಲ್ಲವರ ಪಕ್ಕ ಕುಳಿತು ಕಲಿಯುತ್ತಾರೆ. ಕೋಡಿನ ದೋಷವೂ ಹಾಗೆಯೇ. ಬರೆದವನ ಮೇಜಿನ ಮೇಲೆ ಕಾಣದ್ದು ಬಳಸುವವನ ಕೈಯಲ್ಲಿ ಹರಿಯುತ್ತದೆ.

2022ರ ನಂತರ ಕೋಡನ್ನು ಯಂತ್ರವೇ ಬರೆಯತೊಡಗಿದೆ. ಹೊಸಬರ ಕೈಗೆ ಕೊಡುತ್ತಿದ್ದ ಸಣ್ಣ ಕೆಲಸಗಳನ್ನು ಅದು ಮಾಡಬಲ್ಲದು. ಆದರೆ ಬರೆದದ್ದು ಸರಿಯೇ ಎಂದು ನೋಡಲು ಬಲ್ಲವರು ಬೇಕು. ಸಣ್ಣ ಕೆಲಸ ಮಾಡದೆ ಬಲ್ಲವರಾಗುವುದು ಹೇಗೆ? ಉಸ್ತಾದರ ಅಗತ್ಯ ಈಗ ಹಿಂದೆಂದಿಗಿಂತ ಹೆಚ್ಚು.

ನಮ್ಮಲ್ಲಿ ಕಾಲೇಜು ಕಟ್ಟಿದವರಿದ್ದಾರೆ, ವಿದ್ಯಾರ್ಥಿವೇತನ ಕೊಡುವವರಿದ್ದಾರೆ. ಅದರ ಜೊತೆಗೆ ಬೆಂಗಳೂರಿನಲ್ಲಿ ಹತ್ತಾರು ವರ್ಷ ಈ ಕೆಲಸ ಮಾಡಿದ ನಮ್ಮವರು ತಿಂಗಳಿಗೆರಡು ಶನಿವಾರ ತಮ್ಮ ತಾಲೂಕಿನ ಮಕ್ಕಳ ಪಕ್ಕ ಕುಳಿತು ಅವರ ಕೋಡ್ ಓದಲಿ. ಕಂಪೆನಿಗಳು ಹತ್ತನೆಯ ತರಗತಿಯ ಅಂಕ ಕೇಳುವುದನ್ನು ಬಿಟ್ಟು ಅರ್ಧ ದಿನ ಕೆಲಸ ಕೊಟ್ಟು ನೋಡಲಿ. ಮನೆಪಾಠ ಹೇಳಿ ಓದಿದ ಮುದ್ದೇನಹಳ್ಳಿಯ ಹುಡುಗನನ್ನು ಯಾವ ಜರಡಿಯೂ ತಡೆಯಲಿಲ್ಲ. ಕೆಂಚಾರ್ಲಹಳ್ಳಿಯ ಹುಡುಗಿಯನ್ನು ನಾವು ತಡೆಯುತ್ತಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.