ಕೆರೆ ಹೋದ ಮೇಲೆ ನೀರು ಎಲ್ಲಿಗೆ ಹೋಗಬೇಕು?

ನೆರೆ ಎಂದೊಡನೆ ಉಕ್ಕಿ ಹರಿಯುವ ನದಿ ಕಣ್ಣ ಮುಂದೆ ಬರುತ್ತದೆ. ಕೃಷ್ಣಾ, ಭೀಮಾ ತೀರದವರಿಗೆ ಅದು ಹೊಸತಲ್ಲ. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕದ ಊರೂರುಗಳೇ ಜಲಾವೃತವಾಗಿದ್ದವು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ನದಿಯೇ ಇಲ್ಲದ ಬೆಂಗಳೂರಿಗೆ ನೆರೆ ಬರುವುದಾದರೂ ಹೇಗೆ? ಉಪ್ಪಾರಪೇಟೆಯ ಪಕ್ಕದ ಕೆಂಪೇಗೌಡ ಬಸ್ ನಿಲ್ದಾಣದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಇಂದು ಬಸ್ಸುಗಳು ನಿಲ್ಲುವ ಆ ತಗ್ಗು ಪ್ರದೇಶ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. 16ನೆಯ ಶತಮಾನದಲ್ಲಿ ಊರು ಕಟ್ಟಿಸಿದ ಕೆಂಪೇಗೌಡರ ಕಾಲದ್ದೆಂಬ ಪ್ರತೀತಿ ಇದಕ್ಕಿದೆ. ಪೇಟೆಗೆ ನೀರುಣಿಸುತ್ತಿದ್ದ ಈ ಕೆರೆಯ ಏರಿಯ ನೆನಪು ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಮಾತ್ರ ಉಳಿದಿದೆ.

ನೀರು ಕೂಡಿಡುವುದರ ಜೊತೆಗೆ ಮಳೆನೀರಿನ ರಭಸ ತಗ್ಗಿಸುವುದೂ ಕೆರೆಗಳ ಕೆಲಸವಾಗಿತ್ತು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಿನ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದ ಮೇಲೆ ಪೇಟೆಯ ಕೆರೆಗಳು ಯಾರಿಗೂ ಬೇಡವಾದವು. ಒಣಗಿದ ಧರ್ಮಾಂಬುಧಿಯ ಅಂಗಳ ಸಭೆ ಸಮಾರಂಭಗಳ ಮೈದಾನವಾಗಿ, 1960ರ ದಶಕದಲ್ಲಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು.

ಕೆರೆ ಹೋದರೂ ಮಳೆ ನಿಲ್ಲಲಿಲ್ಲ. ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಸುರಿದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಮಣ್ಣಿನ ನೆಲದಲ್ಲಿ ಒಂದಷ್ಟು ಇಂಗೀತು. ಡಾಂಬರು, ಕಾಂಕ್ರೀಟು ಹಾಸಿದಲ್ಲಿ ಬಹುಪಾಲು ನೀರು ತಗ್ಗಿಗೇ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಿನಲ್ಲಿ ಸಿಲುಕಿದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನದಿಯ ನೆರೆ ದೂರದಿಂದ ಏರಿ ಬರುವುದರಿಂದ ಮುನ್ಸೂಚನೆಗೆ ಸಮಯವಿರುತ್ತದೆ. ನಗರದ ನೆರೆ ಕೆಲವೇ ನಿಮಿಷಗಳಲ್ಲಿ ಬಂದೆರಗುತ್ತದೆ. ಅದರ ಅಪಾಯ ಇರುವುದೇ ಇಲ್ಲಿ.

ಹೊರದೇಶಗಳ ಅನುಭವದಿಂದ ಕಲಿಯುವುದಿದೆ. 1953ರ ಕಡಲ ಪ್ರವಾಹದಲ್ಲಿ 1,800ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ನೆದರ್ಲೆಂಡ್ಸ್ ಮೊದಲು ಕಡಲಿಗೆ ತಡೆಗೋಡೆ ಕಟ್ಟಿತು. ಮುಂದೆ ನದಿಗಳ ವಿಷಯದಲ್ಲಿ ಬೇರೆ ದಾರಿ ಹಿಡಿದು, ಹಲವೆಡೆ ದಂಡೆಗಳನ್ನೇ ಹಿಂದಕ್ಕೆ ಸರಿಸಿ ನೀರಿಗೆ ಜಾಗ ಬಿಟ್ಟುಕೊಟ್ಟಿತು. ದಕ್ಷಿಣ ಕೊರಿಯಾದ ಸೋಲ್ ನಗರ ರಸ್ತೆಗಾಗಿ ಮುಚ್ಚಿದ್ದ ಹೊಳೆಯೊಂದನ್ನು 2005ರಲ್ಲಿ ಮತ್ತೆ ತೆರೆಯಿತು.

ಬಸ್ ನಿಲ್ದಾಣವನ್ನು ಅಗೆದು ಮತ್ತೆ ಧರ್ಮಾಂಬುಧಿಯನ್ನು ತುಂಬಿಸಲಾಗದು, ನಿಜ. ಆದರೆ ಅಳಿದುಳಿದ ಕೆರೆಗಳ ಹೂಳೆತ್ತಿಸುವುದು, ರಾಜಕಾಲುವೆಗಳ ಒತ್ತುವರಿ ತೆರವುಗೊಳಿಸುವುದು ಇಂದಿಗೂ ಸಾಧ್ಯ. ಆ ಕೆಲಸ ಮಳೆಗಾಲಕ್ಕೆ ಮುನ್ನವೇ ಆಗಬೇಕು.