ಪರದೇಶದಲ್ಲಿ ಪಾಠ ಹೇಳಿದವರು: ಬೆಟಗೇರಿಯ ಬಾಸೆಲ್ ಮಿಷನ್ ಮಾಸ್ತರರು

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಪರದೇಶದ ಉದ್ಯೋಗ ಹೊಸ ಸಂಗತಿಯಲ್ಲ. ನಮ್ಮ ಅನೇಕ ಶಿಕ್ಷಕ ಶಿಕ್ಷಕಿಯರು ಕೊಲ್ಲಿ ರಾಷ್ಟ್ರಗಳ ಶಾಲೆಗಳಲ್ಲಿ ದುಡಿಯುತ್ತಿದ್ದಾರೆ. ಹೊರಡುವವರು ಸಾಮಾನ್ಯವಾಗಿ ವೀಸಾ, ಸಂಬಳ, ವಸತಿಗಳ ಬಗ್ಗೆ ವಿಚಾರಿಸುತ್ತಾರೆ. ಅಲ್ಲಿಯ ಜನರ ನಡುವೆ ನೆಲೆ ನಿಲ್ಲುವುದು ಹೇಗೆ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದ ಚರಿತ್ರೆಯಲ್ಲೇ ಸಿಗುತ್ತದೆ. 19ನೇ ಶತಮಾನದಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಿಂದ ಹೊರಟು ಗದಗ-ಬೆಟಗೇರಿಯಲ್ಲಿ ಶಾಲೆ ತೆರೆದ ಬಾಸೆಲ್ ಮಿಷನ್ನಿನ ಉಪಾಧ್ಯಾಯರಿಗೆ ನಮ್ಮ ನಾಡೇ ಪರದೇಶವಾಗಿತ್ತು. ಅವರು ಪ್ರೊಟೆಸ್ಟೆಂಟ್ ಸಭೆಯವರು. ಆದರೂ ಅವರ ಅನುಭವ ನಮಗೂ ಪಾಠವಾಗಬಲ್ಲದು.

ಬಂದ ದಾರಿ

ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಒಂದೊಂದಾಗಿ ಕೇಂದ್ರಗಳು ತೆರೆದವು. ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಅದಕ್ಕೆ ಮೊದಲು ಕುದುರೆ, ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆಯೇ ಗತಿ.

ಬೆಟಗೇರಿ ಆಗಲೂ ನೇಕಾರರ ಊರು. ಸುತ್ತ ಎರೆಭೂಮಿ, ದಕ್ಷಿಣಕ್ಕೆ ಕಪ್ಪತಗುಡ್ಡ, ಅದರಾಚೆ ಶಿರಹಟ್ಟಿ ಮತ್ತು ಮುಂಡರಗಿ ಸೀಮೆಯ ಅಂಚಿನಲ್ಲಿ ತುಂಗಭದ್ರಾ. ಬೆಟಗೇರಿ ಬ್ರಿಟಿಷರ ಆಡಳಿತದಲ್ಲಿದ್ದರೆ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಒಂದೆರಡು ದಿನದ ಸಂಚಾರದಲ್ಲೇ ಮೂರು ಆಡಳಿತಗಳ ಊರುಗಳನ್ನು ದಾಟಬೇಕಾಗಿತ್ತು.

ಇದೇ ಕಾಲದಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಮಿಷನ್ ಒಂದು ಕೃಷಿ ವಸಾಹತು ಆರಂಭಿಸಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಊರಿನ ನಡುವೆ ನಿಂತ ಬೆಟಗೇರಿ ಕೇಂದ್ರ ಉಳಿದು ಬೆಳೆಯಿತು. ನೆಲೆ ನಿಲ್ಲುವುದೆಂದರೆ ಬೇರೆಯಾಗಿ ಬೇಲಿ ಹಾಕಿಕೊಳ್ಳುವುದಲ್ಲ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ನೋಡಬಹುದು.

ಮೊದಲು ವಿದ್ಯಾರ್ಥಿ, ಆಮೇಲೆ ಮಾಸ್ತರ

ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. 9ನೇ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಒಂಕುಂದಗಳ ಜೊತೆಗೆ ಹೆಸರಿಸುವುದು ಈ ಪುಲಿಗೆರೆಯನ್ನೇ. ಇಂಥ ಸೀಮೆಗೆ ಬಂದ ಪರದೇಶದ ಮಾಸ್ತರನು ಭಾಷೆ ಬಾರದೆ ಬಾಯಿ ತೆರೆಯುವಂತಿರಲಿಲ್ಲ. ಬಂದವರೆಲ್ಲ ಮೊದಲು ಸ್ಥಳೀಯ ಮುನ್ಷಿಯ ಮುಂದೆ ಕುಳಿತು ಕನ್ನಡ ಕಲಿಯಬೇಕಿತ್ತು. ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದ ಈ ಭಾಗದ ಕಚೇರಿ, ಶಾಲೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿದ್ದ ಕಾಲದಲ್ಲೂ ಮಿಷನ್ ಕನ್ನಡವನ್ನೇ ಹಿಡಿಯಿತು.

ಪುಸ್ತಕದ ಕನ್ನಡವೂ ಸಾಲದು. ಇಲ್ಲಿಯ ಜನರ ಬಾಯಲ್ಲಿ ಶಾಲೆ ‘ಸಾಲಿ’ಯಾಗುತ್ತದೆ, ಶಿಕ್ಷಕಿ ‘ಅಕ್ಕೋರು’ ಆಗುತ್ತಾರೆ. ಕರಾವಳಿಯಿಂದ ಹೋದ ನಮ್ಮವರಿಗೇ ಮೊದಲ ತಿಂಗಳು ಈ ಮಾತು ಕಿವಿಗೆ ಹಿಡಿಯುವುದಿಲ್ಲ. ಅಂದ ಮೇಲೆ ಜರ್ಮನ್ ಮಾತೃಭಾಷೆಯವರ ಪಾಡನ್ನು ಓದುಗರೇ ಊಹಿಸಬಹುದು.

ಈ ಕಲಿಕೆಯ ದೊಡ್ಡ ಫಲ ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಅವರು ಮೊದಲು ಧಾರವಾಡ ಸೀಮೆಯಲ್ಲಿದ್ದರು. ಆಡುಮಾತು, ಗಾದೆ, ಹಳಗನ್ನಡ ಕಾವ್ಯ ಎಲ್ಲವನ್ನೂ ಕಲಿತು ಅವರು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ನಮ್ಮ ಕಥೋಲಿಕ ಸಭೆಯಲ್ಲಿಯೂ ಇಂಥ ಉದಾಹರಣೆಯಿದೆ. 1878ರ ಕೊನೆಯಲ್ಲಿ ಮಂಗಳೂರಿಗೆ ಕಾಲಿಟ್ಟ ಇಟಲಿಯ ಯೇಸುಸಭೆಯವರ ಪೈಕಿ ವಂದನೀಯ ಆಂಜೆಲೊ ಮಫೆಯಿ ಅವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ, 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಹೊರತಂದರು. ಕಲಿಸಲು ಬಂದವರು ಮೊದಲು ಕಲಿತರು. ಜನ ಅವರನ್ನು ಇಂದಿಗೂ ನೆನೆಯುವುದು ಅದಕ್ಕಾಗಿಯೇ.

ಮನೆ, ಮದುವೆ, ಮಕ್ಕಳು

ಹೊರನಾಡಿನ ಬಾಳ್ವೆಯ ನಿಜವಾದ ಭಾರ ಮನೆಯೊಳಗೆ ಇತ್ತು. ಬಾಸೆಲ್ ಮಿಷನ್ನಿನ ನಿಯಮದಂತೆ ಯುವ ಮಿಷನರಿ ಅವಿವಾಹಿತನಾಗಿ ಬರಬೇಕು. ಕನಿಷ್ಠ ಎರಡು ವರ್ಷ ಸೇವೆ ಸಲ್ಲಿಸಿದ ಮೇಲೆ ಬಾಸೆಲಿನ ಕಮಿಟಿಯ ಅಪ್ಪಣೆ ಪಡೆದು ಮದುವೆಯಾಗಬೇಕು. ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಪರಿಚಯವೇ ಇಲ್ಲದ ವರನನ್ನು ವರಿಸಲು ಹಡಗು ಹತ್ತಿ ಬಂದರು. ಬಂದ ಮೇಲೆ ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಅದಕ್ಕೆ ಬೇರೆ ಸಂಬಳವಿರಲಿಲ್ಲ. ಇವರ ಹೆಸರುಗಳು ವರದಿಗಳಲ್ಲಿ ಕಾಣುವುದು ಅಪರೂಪ.

ಕಾಲರಾ, ಜ್ವರಗಳಿಗೆ ತುತ್ತಾದವರು ಬಹಳ. ಬದುಕುಳಿದ ಮಕ್ಕಳನ್ನೂ ತಂದೆತಾಯಿ ಬಹುಕಾಲ ಜೊತೆಗಿಟ್ಟುಕೊಳ್ಳುವಂತಿರಲಿಲ್ಲ. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕೆಂಬ ಕಟ್ಟಳೆ 1850ರ ದಶಕದಲ್ಲಿ ಬಂತು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆಯಲಾಯಿತು. ಆ ಕಟ್ಟಳೆಗೂ ಮೊದಲೇ ಈ ರೂಢಿ ಇತ್ತು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ, ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟರ ಮಗಳು ಮರಿಯಾ ಹೀಗೆ ಎಳವೆಯಲ್ಲೇ ಯುರೋಪಿನಲ್ಲಿ ಉಳಿಯಬೇಕಾಯಿತು. ಮುಂದೆ ಇವರ ಮಗ ಹರ್ಮನ್ ಹೆಸ್ಸೆ ಪ್ರಸಿದ್ಧ ಸಾಹಿತಿಯಾದರು. ಊರಿನ ಮಕ್ಕಳಿಗೆ ದಿನವೂ ಪಾಠ ಹೇಳುತ್ತಿದ್ದವರಿಗೆ ತಮ್ಮ ಸ್ವಂತ ಮಕ್ಕಳು ಪತ್ರದಲ್ಲಿ ಮಾತ್ರ ಸಿಗುತ್ತಿದ್ದರು. ಸೇವೆಯ ಹೆಸರಿನಲ್ಲಿ ಮಕ್ಕಳು ತೆತ್ತ ಈ ಬೆಲೆಯನ್ನು ಹೊಗಳಿಕೆಯ ಮಾತುಗಳಲ್ಲಿ ಮುಚ್ಚುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಎರಡು ಕಡೆಗೂ ಪರದೇಶಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಹೊರನಾಡಿನವನು ಎಂಬುದರ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಬೆಟಗೇರಿಯ ಮಾಸ್ತರರಿಗೆ ಎರಡೂ ಒಪ್ಪುತ್ತದೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ದಂಗೆ ಎದ್ದರು. ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು. ಮಿಷನರಿಗಳು ಇಂಗ್ಲಿಷರಲ್ಲದಿದ್ದರೂ ಬಿಳಿಯರೆಲ್ಲರೂ ಸರ್ಕಾರದವರೇ ಎಂದು ಹಳ್ಳಿಯ ಜನ ಭಾವಿಸಿದ್ದರೆ ಆಶ್ಚರ್ಯವಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಪರಿಸ್ಥಿತಿ ತಿರುಗಿಬಿತ್ತು. ಈಗ ಅದೇ ಸರ್ಕಾರಕ್ಕೆ ಜರ್ಮನ್ನರು ಶತ್ರುಗಳು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಲಾಯಿತು. ಹೆಂಗಸರು, ಮಕ್ಕಳು ಮುಂತಾದವರನ್ನು ‘ಗೋಲ್ಕೊಂಡಾ’ ಹಡಗಿನಲ್ಲಿ ತಾಯ್ನಾಡಿಗೆ ಕಳುಹಿಸಲಾಯಿತು. ವರ್ಷಾನುಗಟ್ಟಲೆ ದುಡಿದ ಊರನ್ನು ಒಮ್ಮೆಲೇ ಬಿಟ್ಟು ಹೊರಡಬೇಕಾಯಿತು.

ಉಳಿದದ್ದು ಯಾರಿಂದ?

ಜರ್ಮನ್ ಮಾಸ್ತರರು ಹೋದರೂ ಮಿಷನ್ನಿನ ಕೆಲಸ ನಿಂತುಹೋಗಲಿಲ್ಲ. ಅದರ ಭಾರ ಹೊತ್ತವರಲ್ಲಿ ಮುಖ್ಯರು ಇಲ್ಲಿಯ ಕನ್ನಡ ಉಪಾಧ್ಯಾಯರು. ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ತರಬೇತಾದ ಉಪದೇಶಕರೂ ಅವರ ಜೊತೆಗಿದ್ದರು. ಕರಾವಳಿಗೂ ಗದಗಿಗೂ ಇರುವ ಈ ನಂಟು ನಮ್ಮ ಓದುಗರಿಗೆ ಗೊತ್ತಿರಬೇಕಾದದ್ದು. ಬೆಟಗೇರಿಯ ಸಂಸ್ಥೆಗಳು ಇಂದು ಸಿ.ಎಸ್.ಐ. ಸಭೆಯ ಆಶ್ರಯದಲ್ಲಿವೆ. ಅಲ್ಲಿಯ ಮಿಷನ್ ಆಸ್ಪತ್ರೆಯನ್ನು ಜನ ಈಗಲೂ ‘ಜರ್ಮನ್ ಆಸ್ಪತ್ರೆ’ ಎನ್ನುತ್ತಾರೆ. ತನ್ನ ಕೆಲಸವನ್ನು ಊರಿನವರಿಗೆ ಕಲಿಸಿಕೊಟ್ಟ ಮಾಸ್ತರನು ಊರು ಬಿಟ್ಟ ಮೇಲೂ ಅಲ್ಲಿ ನೆಲೆ ನಿಂತಂತೆಯೇ.

ಇಂದು ಹೊರಡುವವರಿಗೆ

ದುಬೈಗೆ ಹೋಗಲಿ, ಮುಂಡರಗಿಗೆ ಹೋಗಲಿ, ಕೆಲವು ಸಂಗತಿಗಳು ಬದಲಾಗಿಲ್ಲ.

1. ಹೊರಡುವ ಮೊದಲೇ ಅಲ್ಲಿಯ ಮಾತು ಕಲಿಯಲು ಆರಂಭಿಸಿರಿ. ಪಾಠ ಇಂಗ್ಲಿಷಿನಲ್ಲಿದ್ದರೂ ಮಗುವಿನ ತಾಯಿಯೊಡನೆ ಆಡುವ ಮಾತು ಬೇರೆ.

2. ಊಟದ ವಿಷಯದಲ್ಲಿ ಹಟ ಬೇಡ. ಗದಗಿನಲ್ಲಿ ಕುಚ್ಚಲಕ್ಕಿಗಾಗಿ ಪರದಾಡುವ ಬದಲು ಜೋಳದ ರೊಟ್ಟಿ, ಶೇಂಗಾ ಚಟ್ನಿ ರೂಢಿಸಿಕೊಂಡವರಿಗೆ ನೆರೆಮನೆಯ ಬಾಗಿಲು ಬೇಗ ತೆರೆಯುತ್ತದೆ.

3. ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋಗುವ ನಿರ್ಧಾರವನ್ನು ಸಂಬಳದ ಲೆಕ್ಕ ಒಂದರಿಂದಲೇ ಮಾಡಬೇಡಿ. ಮಕ್ಕಳ ಮಾತನ್ನೂ ಕೇಳಿರಿ.

4. ಪೂಜೆಯ ವೇಳೆಯನ್ನು ವಿಚಾರಿಸಿಕೊಳ್ಳಿ. ಕುವೈತ್, ಕತಾರ್ ಮೊದಲಾದೆಡೆ ಶುಕ್ರವಾರ ರಜೆಯ ದಿನವಾದ್ದರಿಂದ ಭಾನುವಾರದ ಬಲಿಪೂಜೆ ಅಂದೇ ನಡೆಯುವ ಪದ್ಧತಿ ಇದೆ. ಯು.ಎ.ಇ.ಯಲ್ಲಿ 2022ರ ಜನವರಿಯಿಂದ ಶನಿವಾರ, ಭಾನುವಾರ ವಾರದ ರಜೆಯಾಗಿದೆ.

5. ನಿಮಗೆ ತಿಳಿದದ್ದನ್ನು ಅಲ್ಲಿಯ ಸಹೋದ್ಯೋಗಿಗಳಿಗೂ ಕಲಿಸಿಕೊಡಿ. ಒಪ್ಪಂದದ ಅವಧಿ ಒಂದು ದಿನ ಮುಗಿಯುತ್ತದೆ, ಶಾಲೆ ಮುಂದುವರಿಯಬೇಕು.

ನಮ್ಮ ಊರಿನ ಶಾಲೆಗೆ ದೂರದಿಂದ ಬಂದ ಶಿಕ್ಷಕರಿದ್ದರೆ, ಅವರಿಗೆ ಒಂದು ಮನೆ ಹುಡುಕಿಕೊಡುವುದು, ಹಬ್ಬದ ದಿನ ಊಟಕ್ಕೆ ಕರೆಯುವುದು ನಮ್ಮ ಕೆಲಸ. ಬಂದವರು ಪರದೇಶಿಗಳಾಗಿಯೇ ಉಳಿಯದಿರಲಿ.