ಹಳೇ ಗಾಡಿ ಗುಜರಿಗೆ ಹಾಕಿ, ಜೀವ ಉಳಿಸಿ: ಈ ಮಾತಿಗೆ ತೊಂಬತ್ತು ದಾಟಿದೆ

(1/6)
ಮೊದಲ ಫೋಟೋದಲ್ಲಿರೋ ಬಿಳಿ ಓಮ್ನಿ ನಮ್ಮದೇ. ಸೋಸಲೆಯಲ್ಲಿ ನಮ್ಮನೆ ಮುಂದೆ, ತೆಂಗಿನ ಮರದ ಕೆಳಗೆ ನಿಂತಿದೆ. ಕಾಯಿ ಬಿದ್ದು ಟಾಪ್ ತಗ್ಗಾಗಿರೋದು ಸ್ವೈಪ್ ಮಾಡಿದ್ರೆ ಕಾಣುತ್ತೆ, ನಗಬೇಡಿ.

ಅದರ ಆರ್‌ಸಿಯಲ್ಲಿರೋ ತಾರೀಖು ಡಿಸೆಂಬರ್ 2005. ಹೆಚ್ಚುಕಮ್ಮಿ ನನ್ನ ವಯಸ್ಸೇ ಅದಕ್ಕೂ. ನಾನು ಎರಡನೇ ಕ್ಲಾಸಲ್ಲಿದ್ದಾಗ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡ್ರು. ಅಂಗಡಿಗೆ ಸಾಮಾನು ತರೋಕೆ ನರಸೀಪುರ, ತಿಂಗಳಿಗೆ ಎರಡು ಸಲ ಮೈಸೂರು, ಮದುವೆ ಮುಂಜಿ ಇದ್ರೆ ನಂಜನಗೂಡು. ಅಷ್ಟೇ ಅದರ ಪ್ರಪಂಚ.

2020ರಲ್ಲಿ 15 ವರ್ಷ ತುಂಬಿದಾಗ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 5,000 ಆಯ್ತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಆದೇಶ ಬಂತು: 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000. ಹಸಿರು ತೆರಿಗೆ ಬೇರೆ. ಹಂಗಾಗಿ ಓಮ್ನಿ ಈಗ ಮರದ ಕೆಳಗೆ ನಿಂತಿದೆ, ಅಪ್ಪ ಯೋಚನೆ ಮಾಡ್ತಾ ಕೂತಿದ್ದಾರೆ.

ಮನೆಗೆ ಬಂದವರೆಲ್ಲ ಹೇಳೋದು ಒಂದೇ: "ಹಳೇ ಗಾಡಿ ಡೇಂಜರ್ ಅಣ್ಣ, ಗುಜರಿಗೆ ಹಾಕ್ಬಿಡಿ." ಈ ಮಾತನ್ನ ಮೊದಲು ಯಾರು ಹೇಳಿದ್ರು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದು ಅಮೆರಿಕ.

(2/6)
1929. ಅಮೆರಿಕದಲ್ಲಿ ಆ ಒಂದೇ ವರ್ಷ ಸುಮಾರು 53 ಲಕ್ಷ ಕಾರು, ಟ್ರಕ್ಕು ತಯಾರಾದವು. ಕೊಳ್ಳೋ ಶಕ್ತಿ ಇದ್ದವರ ಹತ್ರ ಆಗಲೇ ಕಾರಿತ್ತು. ಹೊಸದು ಬೇಕು ಅಂದ್ರೆ ಹಳೇದನ್ನ ಡೀಲರ್‌ಗೆ ಕೊಟ್ಟು, ಮೇಲಿನ ದುಡ್ಡು ಕಟ್ಟಿ ತಗೊಳ್ತಿದ್ರು. ಡೀಲರ್ ಅಂಗಳದಲ್ಲಿ ಹಳೇ ಕಾರು ಗುಡ್ಡೆ ಬಿತ್ತು. ಆ ಹಳೇ ಕಾರು ಕಮ್ಮಿ ರೇಟಿಗೆ ಸಿಗೋದ್ರಿಂದ ಜನ ಹೊಸದರ ಕಡೆ ತಿರುಗಿಯೂ ನೋಡಲ್ಲ. ಅಂದ್ರೆ ಕಂಪನಿಗೆ ದೊಡ್ಡ ಎದುರಾಳಿ ಯಾರು ಅಂದ್ರೆ, ತಾನೇ ಐದಾರು ವರ್ಷದ ಹಿಂದೆ ಮಾರಿದ ಕಾರು!

ಅದೇ ವರ್ಷದ ಕೊನೇಲಿ ಶೇರು ಮಾರುಕಟ್ಟೆ ಬಿತ್ತು. ಮಹಾ ಆರ್ಥಿಕ ಕುಸಿತ ಶುರು. (ಸೆಕೆಂಡ್ ಇಯರ್ ಬಿಕಾಂನವರೇ, ಇದು ನಿಮಗೆ ಎಕ್ಸಾಮ್‌ಗೂ ಬರುತ್ತೆ.) 1932ಕ್ಕೆ ತಯಾರಿಕೆ 13 ಲಕ್ಷಕ್ಕೆ ಇಳೀತು.

ಆ ಹೊತ್ತಿಗೆ, 1930ರಲ್ಲಿ, ಅಲ್ಲಿನ ಕಾರು ತಯಾರಕರ ಸಂಘ ಒಂದು ಯೋಜನೆ ತಂತು. ಡೀಲರ್ ಹಳೇ ಕಾರನ್ನ ಮತ್ತೆ ರಸ್ತೆಗೆ ಬರದ ಹಾಗೆ ಒಡೆದು ಹಾಕಿದ್ರೆ ಕಂಪನಿ ಅವನಿಗೆ ದುಡ್ಡು ಕೊಡುತ್ತೆ. ಯೋಜನೆಗೆ ಇಟ್ಟ ಹೆಸರೇನು ಗೊತ್ತಾ? "ಹೈವೇ ಸೇಫ್ಟಿ ಪ್ಲಾನ್." ಹೆದ್ದಾರಿ ಸುರಕ್ಷತಾ ಯೋಜನೆ! ಹಳೇ ಕಾರು ರಸ್ತೆಗೆ ಅಪಾಯ, ನಿಮ್ಮ ಮಕ್ಕಳಿಗೆ ಅಪಾಯ ಅನ್ನೋ ಮಾತು ಹೀಗೆ ಮಾರಾಟದ ಜೊತೆ ಕೈ ಹಿಡಿದು ಹೊರಟಿತು. ಅದೇ ವರ್ಷ ಫೋರ್ಡ್ ತನ್ನ ರಿವರ್ ರೂಜ್ ಕಾರ್ಖಾನೆಯಲ್ಲಿ ಹಳೇ ಕಾರು ಬಿಚ್ಚೋ ಸಾಲನ್ನೇ ಮಾಡ್ತು. ಯಾವ ಕಂಪನಿಯ ಕಾರಾದರೂ ಸರಿ, 20 ಡಾಲರ್. ಕಾರು ಜೋಡಿಸೋ ಸಾಲಿಗೆ ಹೆಸರಾದ ಕಂಪನಿಯಲ್ಲಿ ಕಾರು ಬಿಚ್ಚೋ ಸಾಲು!

ಅವರು ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆಗಿನ ಎಷ್ಟೋ ಹಳೇ ಕಾರುಗಳಿಗೆ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಇತ್ತು. ಆದರೆ ಅಪಾಯ ಅಷ್ಟು ಜೋರಾಗಿ ಕಣ್ಣಿಗೆ ಬಿದ್ದಿದ್ದು ಮಾರಾಟ ಬಿದ್ದ ವರ್ಷದಲ್ಲೇ, ಅದನ್ನ ಗಮನಿಸಿ.

(3/6)
ಇಲ್ಲಿಂದ ಸೀದಾ 2009ಕ್ಕೆ ಹಾರ್ತೀನಿ. ಮತ್ತೆ ಕುಸಿತ, ಮತ್ತೆ ಕಾರು ಹೋಗ್ತಿಲ್ಲ. ಈ ಸಲ ದುಡ್ಡು ಕೊಟ್ಟಿದ್ದು ಸರ್ಕಾರಗಳು.

ಜರ್ಮನಿಯಲ್ಲಿ ಒಂಬತ್ತು ವರ್ಷ ದಾಟಿದ ಕಾರು ಗುಜರಿಗೆ ಹಾಕಿ ಹೊಸದು ಕೊಂಡರೆ 2,500 ಯೂರೋ. ಸರ್ಕಾರ ಇಟ್ಟ ಹೆಸರು ಪರಿಸರ ಬಹುಮಾನ, ಜನ ಕರೆದಿದ್ದು ಗುಜರಿ ಬಹುಮಾನ. ಅಮೆರಿಕ 300 ಕೋಟಿ ಡಾಲರ್ ಇಟ್ಟು ಸುಮಾರು 6.8 ಲಕ್ಷ ಗಾಡಿ ತಗೊಂಡಿತು. ಎಂಜಿನ್‌ಗೆ ಆಯಿಲ್ ಬದಲು ಸೋಡಿಯಂ ಸಿಲಿಕೇಟ್ ದ್ರಾವಣ ಹಾಕಿ, ಸ್ಟಾರ್ಟ್ ಮಾಡಿ, ಸೀಜ್ ಆಗೋವರೆಗೂ ಓಡಿಸ್ತಿದ್ರು. ಆ ವಿಡಿಯೋಗಳು ಈಗಲೂ ಸಿಗ್ತವೆ. ನೋಡಿದ್ರೆ ನಮ್ಮೂರ ಮೆಕ್ಯಾನಿಕ್‌ಗಳು ಅತ್ತೇ ಬಿಡ್ತಾರೆ.

1930ರಲ್ಲಿ ಸುರಕ್ಷತೆ, 2009ರಲ್ಲಿ ಪರಿಸರ. ಕಾರಣ ಬದಲಾಯ್ತು, ಹೊಸ ಕಾರು ಕೊಳ್ಳಿ ಅನ್ನೋದು ಬದಲಾಗಲಿಲ್ಲ.

(4/6)
ಈಗ ನಮ್ಮ ದೇಶ. ನಮ್ಮಲ್ಲಿ ಮೊದಲು ಬಂದಿದ್ದು ಹೊಗೆ. ದೆಹಲಿಯಲ್ಲಿ 15 ವರ್ಷ ದಾಟಿದ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2014ರಲ್ಲಿ ಹೇಳಿತು, 2015ರಲ್ಲಿ ಡೀಸೆಲ್‌ಗೆ 10 ವರ್ಷ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕ್‌ನಲ್ಲಿ ಪೆಟ್ರೋಲೇ ಹಾಕಬಾರದು ಅಂದ್ರು, ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನದಲ್ಲಿ ಅದು ನಿಂತುಹೋಯ್ತು. ಬೆಂಗಳೂರಿನಲ್ಲೂ ಟೂ ಸ್ಟ್ರೋಕ್ ಆಟೋ ಗುಜರಿಗೆ ಹಾಕಿ ಹೊಸದು ತಗೊಂಡ್ರೆ ರಾಜ್ಯ ಸರ್ಕಾರ 30,000 ರೂಪಾಯಿ ಸಬ್ಸಿಡಿ ಇಟ್ಟಿತ್ತು. ಕಾರಣ ಅದೇ, ಹೊಗೆ.

ಸುರಕ್ಷತೆಯ ಮಾತು ದೊಡ್ಡದಾಗಿ ಬಂದಿದ್ದು 2021ರ ಆಗಸ್ಟ್ 13ಕ್ಕೆ. ಗುಜರಾತಿನ ಹೂಡಿಕೆದಾರರ ಸಮಾವೇಶದಲ್ಲಿ ಪ್ರಧಾನಿ ಮೋದಿ ಗುಜರಿ ನೀತಿ ಘೋಷಿಸಿದ್ರು. ಹಳೇ ಗಾಡಿ, ಹಳೇ ತಂತ್ರಜ್ಞಾನದಿಂದ ಆಗೋ ಅಪಘಾತದ ಅಪಾಯ ತಪ್ಪುತ್ತೆ ಅನ್ನೋದು ಅವರು ಎಣಿಸಿದ ಲಾಭಗಳಲ್ಲಿ ಒಂದು. 10,000 ಕೋಟಿಗೂ ಹೆಚ್ಚು ಹೂಡಿಕೆ ಬರುತ್ತೆ ಅನ್ನೋದು ಅದೇ ಭಾಷಣದ ಇನ್ನೊಂದು ಮಾತು.

ಇಲ್ಲಿ ಒಂದು ವಿಷಯ ಸರಿಯಾಗಿ ಹೇಳಬೇಕು, ಯಾಕಂದ್ರೆ ವಾಟ್ಸಾಪ್‌ನಲ್ಲಿ ತಪ್ಪಾಗಿ ಓಡಾಡ್ತಿದೆ. ಈ ನೀತಿ ಪ್ರಕಾರ 20 ವರ್ಷ ಆದ ತಕ್ಷಣ ನಿಮ್ಮ ಕಾರು ಎಳ್ಕೊಂಡು ಹೋಗಲ್ಲ. ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದ್ರೆ ಓಡಿಸಬಹುದು. ವಯಸ್ಸಿನ ಮೇಲೇ ಕೈ ಹಾಕಿದ್ದು ಸರ್ಕಾರಿ ಗಾಡಿಗಳಿಗೆ. 15 ವರ್ಷ ದಾಟಿದ ಸರ್ಕಾರಿ ವಾಹನ, ಸಾರಿಗೆ ನಿಗಮದ ಬಸ್ಸು ಸೇರಿ, 2023ರ ಏಪ್ರಿಲ್ 1ರಿಂದ ನವೀಕರಣ ಇಲ್ಲ. ಅಷ್ಟರೊಳಗೆ ಇರೋ ಬಸ್ಸುಗಳನ್ನ ಕೆಎಸ್‌ಆರ್‌ಟಿಸಿ ಬೇರೆ ಥರ ನೋಡ್ತು: ಹಳತಾದ ನೂರಾರು ಬಸ್ಸುಗಳನ್ನ ತನ್ನ ವರ್ಕ್‌ಶಾಪ್‌ನಲ್ಲೇ ಬಿಚ್ಚಿ, ತಗಡು, ಸೀಟು ಎಲ್ಲ ಹೊಸದು ಮಾಡಿ ಮತ್ತೆ ರಸ್ತೆಗೆ ಬಿಟ್ಟಿತು. ಅದಕ್ಕೆ ಯಾರೂ ಅಷ್ಟು ಚಪ್ಪಾಳೆ ತಟ್ಟಲಿಲ್ಲ ಅನ್ನೋದು ನನ್ನ ಬೇಜಾರು.

(5/6)
ಸರಿ, ನಿಜವಾಗಲೂ ಹಳೇ ಗಾಡಿಯೇ ಜೀವ ತೆಗೆಯೋದಾ?

2023ರ ಮೇ 29 ನಮ್ಮ ತಾಲ್ಲೂಕಿನವರು ಮರೆಯಲ್ಲ. ಕುರುಬೂರು ಹತ್ತಿರ ಖಾಸಗಿ ಬಸ್ಸಿಗೂ ಇನ್ನೋವಾ ಕಾರಿಗೂ ಡಿಕ್ಕಿಯಾಗಿ, ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದವರು ಸೇರಿ 10 ಜನ ತೀರಿಕೊಂಡ್ರು. ಆ ವಿಡಿಯೋ ಎಲ್ಲರ ಫೋನಿಗೂ ಬಂತು. ನಾನು ಒಂದು ಸಲ ನೋಡಿ ಡಿಲೀಟ್ ಮಾಡಿದೆ. ಆಮೇಲೆ ವಾರಗಟ್ಟಲೆ ಟೀ ಅಂಗಡೀಲಿ ಜನ ಮಾತಾಡಿದ್ದು ತಿರುವಿನ ಬಗ್ಗೆ, ವೇಗದ ಬಗ್ಗೆ. ಗಾಡಿ ಯಾವ ವರ್ಷದ್ದು ಅಂತ ಒಬ್ಬರೂ ಕೇಳಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕವೂ ಅದನ್ನೇ ಹೇಳುತ್ತೆ: 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ, ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಅತಿವೇಗದಿಂದ.

ಇನ್ನೊಂದು ಕೇಳಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡ್ತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಕಮ್ಮಿ ಬೆಲೆಯ ಮಾಡೆಲ್. ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. ಹಾರ ಹಾಕಿ, ನಿಂಬೆಹಣ್ಣು ಹತ್ತಿಸಿ ಶೋರೂಮಿಂದ ಹೊರಗೆ ಬರೋ ಹೊಸ ಕಾರುಗಳು ಅವು! ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ.

ಇಲ್ಲೇ ನನಗೆ ನಮ್ಮ ಓಮ್ನಿ ಬಗ್ಗೆ ಕಷ್ಟ ಆಗೋದು. ಪ್ರೀತಿ ಇದೆ ಅಂತ ಸುಳ್ಳು ಹೇಳೋಕಾಗಲ್ಲ. ಅದಕ್ಕೆ ಮುಂದೆ ಮೂಗೇ ಇಲ್ಲ, ಎಂಜಿನ್ ಸೀಟಿನ ಕೆಳಗೆ. ಎದುರಿಂದ ಏನಾದ್ರೂ ಗುದ್ದಿದ್ರೆ ಮೊದಲು ಸಿಗೋದು ಅಪ್ಪನ ಮಂಡಿ. ಆದರೆ 1984ರಲ್ಲಿ ಬಂದ ಆ ವ್ಯಾನು 2019ರವರೆಗೂ ಶೋರೂಮಲ್ಲಿ ಸಿಗ್ತಿತ್ತು. 2018ರಲ್ಲಿ ತಗೊಂಡ ಓಮ್ನಿಯಲ್ಲೂ ಮಂಡಿಯೇ ಮುಂದೆ. ಆದರೆ ನವೀಕರಣದ ಲೆಕ್ಕದಲ್ಲಿ ಅದಿನ್ನೂ ಮಗು. ವಯಸ್ಸು ಎಣಿಸೋದು ಸುಲಭ, ಆರ್‌ಸಿ ನೋಡಿದ್ರೆ ಸಾಕು. ಮಂಡಿ ಎಲ್ಲಿದೆ ಅಂತ ನೋಡೋಕೆ ಗಾಡಿ ಒಳಗೆ ಕೂರಬೇಕು.

(6/6)
ಕೊನೇದಾಗಿ ನಮ್ಮ ಸಬ್ಜೆಕ್ಟಿಗೆ ಬರೋಣ: ಸವಕಳಿ. ಓಮ್ನಿಯ ಮೂಲಬೆಲೆ ಲೆಕ್ಕಕ್ಕೆ 2 ಲಕ್ಷ ಅಂತ ಹಿಡೀರಿ. ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15, ಆದಾಯ ತೆರಿಗೆಯಲ್ಲಿ ಕಾರಿಗೆ ಇರೋ ದರ. 20 ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಉಳಿಯೋದು 7,752 ರೂಪಾಯಿ. ನವೀಕರಣಕ್ಕೆ 10,000. ಗಾಡಿಗಿಂತ ಅದರ ಕಾಗದ ದುಬಾರಿ!

ಇನ್ನು ಗುಜರಿ ಕಡೆ ಲೆಕ್ಕ. ಅಧಿಕೃತ ಕೇಂದ್ರಕ್ಕೆ ಕೊಟ್ಟರೆ ಹೊಸ ಗಾಡಿ ಬೆಲೆಯ ಶೇ. 4ರಿಂದ 6ರಷ್ಟು ಸಿಗಬಹುದು ಅಂತ ನೀತಿ ಹೇಳುತ್ತೆ, 5 ಲಕ್ಷದ ಗಾಡಿಗೆ 20,000ದಿಂದ 30,000. ರಸ್ತೆ ತೆರಿಗೆಯಲ್ಲಿ ಸ್ವಂತ ಗಾಡಿಗೆ ಶೇ. 25ರವರೆಗೆ ರಿಯಾಯಿತಿ, ಆದರೆ ಅದು ಹೊಸ ಗಾಡಿ ಕೊಂಡರೆ ಮಾತ್ರ. (ಗುಜರಿಗೆ ಕೊಟ್ಟ ಸರ್ಟಿಫಿಕೇಟನ್ನ ಬೇರೆಯವರಿಗೆ ಮಾರಬಹುದು, ಅದೊಂದು ದಾರಿ.) ಅಪ್ಪ ಜೀವನದಲ್ಲಿ ಹೊಸ ಗಾಡಿ ತಗೊಂಡಿಲ್ಲ. ಈಗಲೂ ತಗೊಳ್ಳೋದಾದ್ರೆ ಹತ್ತು ವರ್ಷದ ಹಳೇದೇ. ಆ ವ್ಯಾಪಾರಕ್ಕೆ ಯಾವ ರಿಯಾಯಿತಿಯೂ ಇಲ್ಲ. 1930ರ ಡೀಲರ್ ಅಂಗಳದಲ್ಲಿ ಕಮ್ಮಿ ರೇಟಿನ ಕಾರು ಹುಡುಕ್ತಿದ್ದವನ ಜಾಗದಲ್ಲೇ ಅಪ್ಪನೂ ನಿಂತಿದ್ದಾರೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಈ ಲೆಕ್ಕವನ್ನೆಲ್ಲ ತೋರಿಸಿದೆ. ಅಪ್ಪ ಪೂರ್ತಿ ಕೇಳಿಸ್ಕೊಂಡ್ರು. ಮುದ್ದೆ ಮುರೀತಾ ಒಂದೇ ಪ್ರಶ್ನೆ ಕೇಳಿದ್ರು: "ಎಲ್ಲ ಸರಿ ಮಗ, ಏರ್‌ಬ್ಯಾಗ್ ಇರೋ ಸೆಕೆಂಡ್ ಹ್ಯಾಂಡ್ ವ್ಯಾನು ಎಷ್ಟಕ್ಕೆ ಸಿಗ್ತದೆ?"

ಗೊತ್ತಿದ್ರೆ ಕಾಮೆಂಟಲ್ಲಿ ಹೇಳಿ. ನಿಮ್ಮನೇಲಿ ಇರೋ ಹಳೇ ಗಾಡಿ ಯಾವ ವರ್ಷದ್ದು ಅಂತಲೂ ಬರೀರಿ, ಫೋಟೋ ಕಳಿಸಿದ್ರೆ ಸ್ಟೋರಿಗೆ ಹಾಕ್ತೀನಿ. ನಂಬರ್ ಪ್ಲೇಟ್ ಮುಚ್ಚಿ ಕಳಿಸಿ.

#ಹಳೇಲೆಕ್ಕ #ಸೋಸಲೆ #ಓಮ್ನಿ #ಗುಜರಿನೀತಿ #ಬಿಕಾಂಇತಿಹಾಸ